ಕೊಡಗಿನ ಮಳೆಗೆ ಬಣ್ಣದ ಮರದ ಹಲಗೆಯನ್ನು ಸಜ್ಜುಗೊಳಿಸುವುದು ಹೇಗೆ?

ಹೋಂಸ್ಟೇಗೆ ದಾರಿ ತೋರಿಸುವ ಫಲಕ, ತೋಟದ ಗೇಟಿನ ಪಕ್ಕದ ಹೆಸರು ಹಲಗೆ, ಅಂಗಳದಲ್ಲಿ ನಿಲ್ಲಿಸಿದ ಹಕ್ಕಿಗೂಡು, ಹೀಗೆ ಮರದಲ್ಲಿ ಮಾಡಿ ಬಣ್ಣ ಬಳಿದ ವಸ್ತುಗಳು ಕೊಡಗಿನಲ್ಲಿ ಎಷ್ಟೋ ಸಲ ಒಂದೇ ಮಳೆಗಾಲಕ್ಕೆ ಬಣ್ಣ ಕಳಚಿಕೊಳ್ಳುತ್ತವೆ. ಆಗ ಎಲ್ಲರೂ ದೂರುವುದು ಬಣ್ಣವನ್ನು. ಆದರೆ ಹಾಳಾದ ಹಲಗೆಯನ್ನು ಬಿಚ್ಚಿ ತಿರುಗಿಸಿ ನೋಡಿದರೆ, ಮುಂಭಾಗಕ್ಕೆ ಮೂರು ಕೋಟ್ ಬಿದ್ದಿದ್ದು ಹಿಂಭಾಗ ಬೋಳಾಗಿಯೇ ಉಳಿದಿರುವುದು ಕಾಣುತ್ತದೆ. ಹಿಂದಿನಿಂದ ನೀರು ಹೀರಿದ ಮರ ಬಿಸಿಲು ಬಿದ್ದಾಗ ಅದನ್ನು ಹೊರಗೆ ಬಿಡುತ್ತದೆ. ಆ ತೇವವೇ ಮುಂಭಾಗದ ಬಣ್ಣವನ್ನು ಗುಳ್ಳೆಯಾಗಿ ಎಬ್ಬಿಸುತ್ತದೆ.

ಮಡಿಕೇರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 3,000 ಮಿ.ಮೀ. ಮೀರುತ್ತದೆ, ಭಾಗಮಂಡಲದ ಕಡೆ ಇನ್ನೂ ಹೆಚ್ಚು, ಕುಶಾಲನಗರದಲ್ಲಿ ಇದರ ಅರ್ಧಕ್ಕೂ ಕಡಿಮೆ. ಆದ್ದರಿಂದ ಈ ಕೆಲಸವನ್ನು ಜನವರಿಯಿಂದ ಮಾರ್ಚ್ ನಡುವೆ, ಕಾಫಿ ಹೂವರಳಿಸುವ ಹೂಮಳೆ ಬೀಳುವ ಮೊದಲೇ ಮುಗಿಸುವುದು ಒಳ್ಳೆಯದು. ಆ ತಿಂಗಳುಗಳಲ್ಲೂ ಬೆಳಗಿನ ಮಂಜು ಪೂರ್ತಿ ಆರಿದ ಮೇಲೆ ಬ್ರಷ್ ಹಿಡಿದು ಮಧ್ಯಾಹ್ನ ಮೂರರೊಳಗೆ ನಿಲ್ಲಿಸಬೇಕು. ಹಸಿ ವಾರ್ನಿಷ್ ಮೇಲೆ ಇಬ್ಬನಿ ಕುಳಿತರೆ ಹೊಳಪು ಹೋಗಿ ಬಿಳಿಚಿಕೊಳ್ಳುತ್ತದೆ.

ಮರದ ಆಯ್ಕೆಯಲ್ಲಿ ಉಳಿತಾಯಕ್ಕೆ ಹೋಗಬಾರದು. ತೋಟದಲ್ಲೇ ಸಿಗುತ್ತದೆಂದು ಬಳಸುವ ಸಿಲ್ವರ್ ಓಕ್ ಮನೆಯೊಳಗಿನ ಕೆಲಸಕ್ಕೆ ಚೆನ್ನ, ಮಳೆಯಲ್ಲಿ ಬಾಳದು. ತೇಗದ ಚೇಗು (ಕಾಂಡದ ಒಳಗಿನ ಗಟ್ಟಿ ಭಾಗ) ಅಥವಾ ಚೆನ್ನಾಗಿ ಒಣಗಿದ ಹಲಸು ವಾಸಿ. ಪ್ಲೈವುಡ್ ಆದರೆ ಐಎಸ್ 710 ಗುರುತಿನ ಮೆರೈನ್ ದರ್ಜೆಯದೇ ಆಗಲಿ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಹೊರಗೆ ಇಡಲೇಬಾರದು, ನೀರು ತಾಗಿದ ಅಂಚು ಉಬ್ಬಿದರೆ ಮತ್ತೆ ಕೂರುವುದಿಲ್ಲ. ಹಸಿ ಮರವನ್ನು ನೆರಳಿನಲ್ಲಿ ಒಣಗಿಸಲು ಒಂದು ಇಂಚು ದಪ್ಪಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕೆಂಬುದು ರೂಢಿಯ ಲೆಕ್ಕ.

ಸ್ಕ್ರೂ ಹಾಕುವ ತೂತುಗಳನ್ನು ಬಣ್ಣಕ್ಕೆ ಮೊದಲೇ ಕೊರೆದಿಡಿ. ಬಳಿಕ 120, ಅನಂತರ 220 ನಂಬರಿನ ಸ್ಯಾಂಡ್‌ಪೇಪರಿನಿಂದ ಮರದ ಎಳೆಯ ಜಾಡಿನಲ್ಲೇ ಉಜ್ಜಿ, ಚೂಪಾದ ಅಂಚುಗಳನ್ನೆಲ್ಲ ಸ್ವಲ್ಪ ದುಂಡಗೆ ಮಾಡಿ. ಚೂಪು ಅಂಚಿನ ಮೇಲೆ ಬಣ್ಣ ತೆಳುವಾಗಿ ನಿಲ್ಲುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಪ್ರೈಮರಿಗೆ, ಅಂದರೆ ಬಣ್ಣದ ಅಡಿಯಲ್ಲಿ ಹಚ್ಚುವ ಲೇಪಕ್ಕೆ, ಮೊದಲು ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ ಆರಲು ಬಿಡಬೇಕು.

ಈಗ ಹಲಗೆಯ ಮುಖದ ಮೇಲೆ ಒಂದು ಹನಿ ನೀರು, ಅಡ್ಡ ಕೊಯ್ದ ತುದಿಯ ಮೇಲೆ ಇನ್ನೊಂದು ಹನಿ ಬಿಟ್ಟು ನೋಡಿ. ಮುಖದ ಹನಿ ಇನ್ನೂ ಮಣಿಯಂತೆ ನಿಂತಿರುವಾಗಲೇ ತುದಿಯದು ಇಂಗಿ ಬರೀ ಕಪ್ಪು ಕಲೆ ಉಳಿದಿರುತ್ತದೆ. ಮರ ಬೇರಿನಿಂದ ನೀರೆಳೆಯುತ್ತಿದ್ದ ನಾಳಗಳೇ ಆ ತುದಿಯಲ್ಲಿ ಬಾಯಿ ತೆರೆದುಕೊಂಡಿರುವುದು ಇದಕ್ಕೆ ಕಾರಣ. ಆದ್ದರಿಂದ ಆ ನೀರು ಆರಿದ ಮೇಲೆ ಆರೂ ಮೈಗಳಿಗೆ ಹೊರಾಂಗಣದ ವುಡ್ ಪ್ರೈಮರ್ ಹಚ್ಚುವಾಗ ತುದಿಗಳಿಗೂ ಸ್ಕ್ರೂ ತೂತುಗಳ ಒಳಗೋಡೆಗೂ ಅದು ಹೀರಿದಷ್ಟು ಸಲ, ಕಡೇ ಪಕ್ಷ ಮೂರು ಸಲ, ಹಚ್ಚಬೇಕು. ಇಡೀ ಕೆಲಸದಲ್ಲಿ ಒಂದನ್ನೇ ಮನಸ್ಸಿಟ್ಟು ಮಾಡುವುದಾದರೆ ಇದನ್ನು ಮಾಡಿ ಎನ್ನುತ್ತೇನೆ.

ಬಣ್ಣ ಹೊರಾಂಗಣದ ಎನಾಮೆಲ್ ಅಥವಾ ಅಕ್ರಿಲಿಕ್ ಆಗಿರಲಿ. ದಪ್ಪನೆಯ ಒಂದು ಕೋಟಿಗಿಂತ ತೆಳುವಾದ ಎರಡು ಕೋಟ್ ಹೆಚ್ಚು ಬಾಳುತ್ತವೆ. ಅಕ್ಷರ, ಚಿತ್ರಗಳಿದ್ದರೆ ಅವುಗಳ ಮೇಲೆ ಹೊರಾಂಗಣದ ಪಿಯು (ಪಾಲಿಯುರೆಥೇನ್) ಪಾರದರ್ಶಕ ಲೇಪ ಬೇಕಾಗುತ್ತದೆ. ಡಬ್ಬಿಯ ಮೇಲೆ ನೇರಳಾತೀತ ಕಿರಣ ತಡೆಯುವ ಗುಣ ನಮೂದಾಗಿರುವುದನ್ನು ನೋಡಿ ಕೊಳ್ಳಿ. ಒಳಾಂಗಣದ ವಾರ್ನಿಷ್ ಬಿಸಿಲಿಗೆ ಹಳದಿಯಾಗಿ ಸೀಳುತ್ತದೆ. ಬಿಳಿ ಅಥವಾ ತಿಳಿ ನೀಲಿ ಬಣ್ಣಗಳಿಗೆ ನೀರು ಬೆರೆಸುವ ಪಿಯು ಹೊಂದುತ್ತದೆ, ಎಣ್ಣೆ ಆಧಾರಿತ ಲೇಪ ಹಳದಿ ಛಾಯೆ ಕೊಡುತ್ತದೆ. ಎನಾಮೆಲ್ ಮುಟ್ಟಲು ಒಣಗಿದಂತಿದ್ದರೂ ಒಳಗೆ ಗಟ್ಟಿಯಾಗಲು ವಾರವಾದರೂ ಬೇಕು. ಅದಕ್ಕೆ ಮೊದಲೇ ಪಿಯು ಬಳಿದರೆ ಸುಕ್ಕುಗಟ್ಟಬಹುದಾದ್ದರಿಂದ ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಪ್ರತಿ ಕೋಟಿನ ನಡುವೆ 320 ನಂಬರಿನ ಕಾಗದದಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಪಿಯು ಒಟ್ಟು ಮೂರು ಕೋಟ್ ಕೊಡಿ. ಅಗಸೆ ಎಣ್ಣೆ ಹಚ್ಚುವ ಹಳೆಯ ಪದ್ಧತಿ ಇಲ್ಲಿಯ ಹವೆಗೆ ಒಗ್ಗದು, ಅದರ ಮೇಲೆ ಬೂಸ್ಟು ಬೇಗ ಹಿಡಿಯುತ್ತದೆ.

ಹಲಗೆಯನ್ನು ಗೋಡೆಗೆ ಒತ್ತಿ ಕೂರಿಸದೆ, ಹಿಂದೆ ಗಾಳಿಯಾಡುವಂತೆ ಒಂದಿಂಚು ಸಂದು ಬಿಟ್ಟು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ ಸ್ಕ್ರೂ ಬಳಸಿ. ಕಬ್ಬಿಣದ ಮೊಳೆ ತುಕ್ಕು ಹಿಡಿಯುವುದಷ್ಟೇ ಅಲ್ಲ, ತೇಗದಲ್ಲಿ ಕಪ್ಪು ಕಲೆ ಇಳಿಸುತ್ತದೆ. ಮೇಲಂಚಿಗೆ ಇಳಿಜಾರು ಕೊಟ್ಟು, ಸಾಧ್ಯವಾದರೆ ಪುಟ್ಟ ಸೂರೊಂದನ್ನು ಹಾಕಿಸಿ. ಕಂಬವನ್ನು ಮಣ್ಣಿನಲ್ಲಿ ಹೂಳಿದರೆ ಬುಡ ಕೊಳೆಯುತ್ತದೆ, ಗೆದ್ದಲಿಗೂ ದಾರಿಯಾಗುತ್ತದೆ. ಕಬ್ಬಿಣದ ಪಾದದ ಮೇಲೆ ನೆಲದಿಂದ ಮೇಲಕ್ಕೆ ನಿಲ್ಲಿಸಿ.

ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಜಡಿಮಳೆಯಲ್ಲಿ ಏನೂ ಮಾಡಲಾಗದು. ಮಳೆ ಬಿಟ್ಟ ಮೇಲೆ ಪಾಚಿಯನ್ನು ಸೋಪಿನ ನೀರು, ಮೆತ್ತನೆಯ ಬ್ರಷ್‌ನಿಂದ ತೊಳೆಯಿರಿ. ಪ್ರೆಶರ್ ಪಂಪ್ ಬೇಡ. ಬೇಸಿಗೆಯಲ್ಲಿ ಹಲಗೆಯ ಮೇಲೆ ನೀರು ಚಿಮುಕಿಸಿ ನೋಡಿ, ಹನಿಗಟ್ಟದೆ ಹರಡಿಕೊಂಡರೆ ಅಥವಾ ಹೊಳಪು ಮಂಕಾಗಿದ್ದರೆ, ಒಣಗಿದ ಮೇಲೆ ಮೈಯನ್ನು ತುಸು ಉಜ್ಜಿ ಪಿಯು ಇನ್ನೊಂದು ಕೋಟ್ ಕೊಡಿ. ಬಣ್ಣ ಬಿರುಕು ಬಿಡುವವರೆಗೆ ಕಾದರೆ ಮರದವರೆಗೂ ಕೆರೆದು ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ.