ಪುಣೆಯಲ್ಲಿ ಬೀಟಲ್ ಇಂಜಿನ್ ಬಿಸಿ ಮಾಡುವುದು: ನನ್ನ ಅನುಭವ

ಹಳೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ, ಗಾಳಿಯಿಂದಲೇ ತಣಿಯುವ 1600 ಸಿಸಿ ಇಂಜಿನ್ನನ್ನು ನಿಂತಲ್ಲೇ ಹತ್ತು ನಿಮಿಷ ಓಡಿಸಿ ಬಿಸಿ ಮಾಡುವವರು ಪುಣೆಯಲ್ಲಿ ಇನ್ನೂ ಇದ್ದಾರೆ. ನಾನು ಹಾಗೆ ಮಾಡುವುದಿಲ್ಲ. ಚೋಕ್ (ತಣ್ಣಗಿರುವ ಇಂಜಿನ್ನಿಗೆ ಗಾಳಿ ಕಡಿಮೆ ಮಾಡುವ ಫ್ಲಾಪ್) ಹಿಡಿದಿರುವಾಗ ಪೆಟ್ರೋಲ್ ಹೆಚ್ಚಾಗಿ ಹೋಗುತ್ತದೆ. ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿಯುತ್ತದೆ. ಇರುವುದೇ ಎರಡೂವರೆ ಲೀಟರ್ ಆಯಿಲ್, ಅದರಲ್ಲೂ ಪೆಟ್ರೋಲ್ ಬೆರೆತರೆ ಬೇರಿಂಗ್‌ಗಳ ಗತಿ ಏನು?

ಮೊದಲು ಆಕ್ಸಿಲರೇಟರನ್ನು ಒಂದೇ ಸಲ ಪೂರ್ತಿ ಒತ್ತಿ ಬಿಡುತ್ತೇನೆ. ಆಗ ಚೋಕ್ ಫ್ಲಾಪ್ ಮುಚ್ಚಿ, ನಿಂತಲ್ಲೇ ಓಡುವ ಇಂಜಿನ್ನಿನ ವೇಗ ಏರಿಸುವ ಫಾಸ್ಟ್ ಐಡಲ್ ಸ್ಕ್ರೂ ತನ್ನ ಮೆಟ್ಟಿಲಿನಾಕಾರದ ತುಂಡಿನ ಮೇಲೆ ಕೂರುತ್ತದೆ. ಆಮೇಲೆ ಪೆಡಲ್ ಮುಟ್ಟದೆ ಸೆಲ್ಫ್ ಹೊಡೆಯುವುದು. ಗಾಡಿ ವಾರಗಟ್ಟಲೆ ನಿಂತಿದ್ದರೆ ಕಾರ್ಬ್ಯುರೇಟರ್ ಬೌಲ್ ಒಣಗಿರುತ್ತದೆ, ಪಂಪ್ ಅದನ್ನು ತುಂಬುವವರೆಗೆ ಸೆಲ್ಫ್ ತಿರುಗಲೇಬೇಕು; ಹತ್ತು ಸೆಕೆಂಡಿಗೊಮ್ಮೆ ಬಿಟ್ಟು ಬಿಟ್ಟು ಹೊಡೆಯಿರಿ. ಡ್ಯಾಶ್‌ಬೋರ್ಡಿನ ಆಯಿಲ್ ಒತ್ತಡದ ದೀಪ ಆರಿದ ಮೇಲೆ ಅರ್ಧ ನಿಮಿಷ, ಡಿಸೆಂಬರ್ ಚಳಿಯಲ್ಲಿ ಒಂದು ನಿಮಿಷ ಸಾಕು. ನಂತರ ಹೊರಟುಬಿಡಿ, ಮೊದಲ ಮೂರ್ನಾಲ್ಕು ಕಿಲೋಮೀಟರ್ ಮೆಲ್ಲಗೆ. ತಣ್ಣಗಿರುವಾಗ ರೇಸ್ ಕೊಡಬೇಡಿ: ದಪ್ಪ ಆಯಿಲಿನ ಒತ್ತಡ ಏರುತ್ತದೆ, ಹೆಚ್ಚಾದ ಒತ್ತಡ ಇಳಿಸುವ ರಿಲೀಫ್ ವಾಲ್ವ್ ಜಾಮ್ ಆಗಿದ್ದರೆ ಆಯಿಲ್ ಕೂಲರ್ ಸೀಲ್‌ಗಳು ಸೋರತೊಡಗುತ್ತವೆ.

ಇಷ್ಟಾದರೂ ಮೊದಲ ಸಿಗ್ನಲ್ಲಿನಲ್ಲೇ ಇಂಜಿನ್ ಆಫ್ ಆಗುತ್ತದೆಯೇ? ಎಲ್ಲರೂ ಚೋಕ್ ತಿರುಗಿಸಲು ಹೋಗುತ್ತಾರೆ. ನಾನು ಮೊದಲು ನೋಡುವುದು ಇಂಟೇಕ್ ಮ್ಯಾನಿಫೋಲ್ಡ್‌ಗೆ (ಕಾರ್ಬ್ಯುರೇಟರಿನಿಂದ ಸಿಲಿಂಡರ್‌ಗಳಿಗೆ ಹೋಗುವ ಕೊಳವೆ) ಅಂಟಿಕೊಂಡಿರುವ ಸಣ್ಣ ಪೈಪನ್ನು. ಅದರೊಳಗೆ ಎಕ್ಸಾಸ್ಟ್ ಬಿಸಿ ಹರಿದು ಪೆಟ್ರೋಲ್ ಆವಿಯಾಗಲು ನೆರವಾಗುತ್ತದೆ. ಐದು ನಿಮಿಷ ಓಡಿದ ಮೇಲೆ ಎರಡೂ ತುದಿಗೆ ನೀರು ಚಿಮುಕಿಸಿ. ಎರಡೂ ಕಡೆ ಚುರ್ರೆಂದರೆ ಸರಿ. ಒಂದು ಕಡೆ ಹನಿ ಹಾಗೇ ನಿಂತರೆ ಒಳಗೆ ಕಾರ್ಬನ್ ಕಟ್ಟಿದೆ. ಮ್ಯಾನಿಫೋಲ್ಡ್ ಬಿಚ್ಚಿ, ಹಳೆ ಕ್ಲಚ್ ಕೇಬಲ್ಲಿನ ತುದಿಯ ಎಳೆಗಳನ್ನು ಬಿಡಿಸಿ, ಡ್ರಿಲ್‌ಗೆ ಸಿಕ್ಕಿಸಿ ಕೆರೆಯಬೇಕು. ಈ ತೊಂದರೆ ಒಣ ಚಳಿಗಿಂತ ಜುಲೈ ಮಳೆಯಲ್ಲಿ ಜಾಸ್ತಿ. ತೇವದ ಗಾಳಿ ಕಾರ್ಬ್ಯುರೇಟರಿನಲ್ಲಿ ಥಟ್ಟನೆ ತಣಿದು ಒಳಗೆ ಮಂಜುಗಡ್ಡೆಯೇ ಕಟ್ಟಬಹುದು, ಹೊರಗೆ ಇಪ್ಪತ್ತು ಡಿಗ್ರಿ ಇದ್ದರೂ!

ಇನ್ನು ಥರ್ಮೋಸ್ಟಾಟ್, ಅಂದರೆ ಬಿಸಿಗೆ ತಕ್ಕಂತೆ ಫ್ಯಾನ್ ಗಾಳಿಯ ಫ್ಲಾಪ್ ತೆರೆಯುವ ಭಾಗ. ‘ನಮ್ಮ ಬಿಸಿಲಿಗೆ ಇದು ಯಾಕೆ’ ಅಂತ ಕೆಲವು ಗ್ಯಾರೇಜಿನವರು ಇದನ್ನು ಫ್ಲಾಪ್ ಸಮೇತ ಕಿತ್ತುಬಿಡುತ್ತಾರೆ. ಬಲಗಡೆ ಸಿಲಿಂಡರ್‌ಗಳ ಕೆಳಗಿರುವ ಈ ಬೆಲ್ಲೋಸ್ (ತಿದಿಯಂತೆ ಹಿಗ್ಗುವ ಡಬ್ಬಿ) 65ರಿಂದ 70 ಡಿಗ್ರಿಗೆ ಹಿಗ್ಗಿ ಫ್ಲಾಪ್ ತೆರೆಯುತ್ತದೆ. ಅಲ್ಲಿವರೆಗೆ ಫ್ಯಾನ್ ಗಾಳಿಯನ್ನು ತಡೆದು ಇಂಜಿನ್ ಬೇಗ ಬಿಸಿಯಾಗಲು ಬಿಡುತ್ತದೆ. ಕೆಟ್ಟರೂ ಹಿಗ್ಗಿಯೇ ನಿಲ್ಲುವುದರಿಂದ ಇಂಜಿನ್ ಕುದಿಯುವ ಭಯವಿಲ್ಲ. ತಣ್ಣಗಿರುವಾಗಲೂ ಉದ್ದಕ್ಕೆ ಚಾಚಿಕೊಂಡಿದ್ದರೆ ಬದಲಿಸಿ.

ಅದಿಲ್ಲದ ಗಾಡಿಯ ಆಯಿಲ್ ಮುಚ್ಚಳ ತೆಗೆದು ನೋಡಿ: ಒಳಗೆ ಬಿಳಿ-ಹಳದಿ ಕೆನೆ ಮೆತ್ತಿರುತ್ತದೆ. ಒಳಗೆ ಕೂಡಿದ ತೇವದ ನೀರು ಆವಿಯಾಗಿ ಹೋಗುವಷ್ಟು ಆಯಿಲ್ ಬಿಸಿಯೇ ಆಗಿಲ್ಲ. ಬರೀ ಕೋಥ್ರೂಡ್–ಡೆಕ್ಕನ್‌ನಂಥ ಹತ್ತಿರದ ಊರೊಳಗಿನ ಓಡಾಟವಿದ್ದರೂ ಹೀಗಾಗುತ್ತದೆ. ಆಯಿಲ್ ಚೆನ್ನಾಗಿ ಬಿಸಿಯಾಗಲು ವಾರಕ್ಕೊಮ್ಮೆ ಕಾತ್ರಜ್ ಘಾಟ್ ಹತ್ತಿಸಿ. ಈ ಇಂಜಿನ್ನಿಗೆ ಆಯಿಲ್ ಫಿಲ್ಟರ್ ಇಲ್ಲ, ಬರೀ ಜಾಲರಿ. ಹಾಗಾಗಿ 5,000 ಕಿಲೋಮೀಟರ್ ಕಾಯದೆ ಅದಕ್ಕೂ ಮುಂಚೆಯೇ ಆಯಿಲ್ ಬದಲಿಸುತ್ತೇನೆ.