ಬ್ಲ್ಯಾಕ್‌ಜಾಕ್ ಮೇಜಿನಲ್ಲಿ ಭಕ್ಷೀಸು: ಯಾವಾಗ, ಎಷ್ಟು, ಹೇಗೆ?

ಸಿದ್ಧಗಂಗೆ ಜಾತ್ರೆಗೆಂದು ತುಮಕೂರಿಗೆ ಬಂದಿದ್ದ ನನ್ನ ಅಕ್ಕನ ಮಗ, ರಾತ್ರಿ ಊಟ ಮುಗಿಸಿ ಏಳುವಾಗ ಎರಡೂ ಅಂಗೈಗಳನ್ನು ಒಮ್ಮೆ ತಟ್ಟಿ, ಮೇಲೆ ಕೆಳಗೆ ತಿರುಗಿಸಿ ತೋರಿಸಿದ. "ಯಾರಿಗೋ ಅದು ತೋರಿಸುತ್ತಿರುವುದು?" ಎಂದು ಅಕ್ಕ ಕೇಳಿದಳು. ತಾನು ಹಾಗೆ ಮಾಡಿದ್ದು ಅವನಿಗೇ ಗೊತ್ತಿರಲಿಲ್ಲ. ಪಣಜಿಯ ಮಾಂಡೋವಿಯಲ್ಲಿ, ಅಂದರೆ ನಾವು ಮಹದಾಯಿ ಎಂದು ಕರೆಯುವ ಅದೇ ನದಿಯಲ್ಲಿ, ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗೊಂದರಲ್ಲಿ ಅವನು ಬ್ಲ್ಯಾಕ್‌ಜಾಕ್ ಡೀಲರ್, ಅಂದರೆ ಎಲೆಗಳ ಮೊತ್ತ 21 ಮೀರದಂತೆ ಅದರ ಹತ್ತಿರಕ್ಕೆ ಹೋಗಬೇಕಾದ ಇಸ್ಪೀಟಾಟದಲ್ಲಿ ಕ್ಯಾಸಿನೊ ಪರವಾಗಿ ಎಲೆ ಹಂಚುವವನು. ಮೇಜು ಬಿಟ್ಟು ಹೋಗುವಾಗಲೆಲ್ಲ ಕೈಯಲ್ಲಿ ಏನೂ ಇಲ್ಲವೆಂದು ಚಾವಣಿಯ ಕ್ಯಾಮೆರಾಕ್ಕೆ ತೋರಿಸಬೇಕು. ಆ ಅಭ್ಯಾಸ ಊಟದ ಎಲೆಯವರೆಗೂ ಬಂದಿತ್ತು.

ಅವನ ಬಳಿ ಎರಡು ದಿನ ಕುಳಿತು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಕ್ಯಾಸಿನೊ ಇಲ್ಲ. ಹೊಸತೊಡಕಿನ ದಿನ ತೋಟದಲ್ಲಿ ಹಣ ಕಟ್ಟಿ ಅಂದರ್ ಬಾಹರ್ ಆಡುವವರ ಮೇಲೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಪ್ರಕರಣ ದಾಖಲಾಗುವುದನ್ನು ಪ್ರತಿ ಯುಗಾದಿಯಲ್ಲೂ ಓದುತ್ತೇವೆ. ಆದರೆ ಗೋವಾ ತನ್ನ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೂ, ಆಮೇಲೆ ಹಡಗುಗಳಲ್ಲಿ ಮೇಜಿನ ಆಟಕ್ಕೂ ಅವಕಾಶ ಕೊಟ್ಟಿತು. ಬಿ.ಎಚ್. ರಸ್ತೆಯಲ್ಲಿ ರಾತ್ರಿ ಬಸ್ ಹತ್ತಿ ಅಲ್ಲಿಗೆ ಹೋಗುವ ಯುವಕರು ನಮ್ಮಲ್ಲಿ ಸಾಕಷ್ಟಿದ್ದಾರೆ. ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋದ ತಂದೆತಾಯಂದಿರೂ ಲಾಸ್ ವೇಗಸ್‌ನಲ್ಲಿ ಒಂದು ಸಂಜೆ ಆ ಮೇಜಿನ ಮುಂದೆ ಕುಳಿತಿರುತ್ತಾರೆ. ಆಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕೂರುವುದೇ ಆದರೆ, ಎದುರಿಗೆ ಎಂಟು ಗಂಟೆ ನಿಂತು ಎಲೆ ಹಂಚುವವರ ಜೊತೆ ಹೇಗೆ ನಡೆದುಕೊಳ್ಳಬೇಕು ಎಂಬುದು ತಿಳಿದಿರಲಿ.

ಮನೆಯಲ್ಲೇ ಎತ್ತಿಡಿ

ಭಕ್ಷೀಸಿನ ಹಣವನ್ನು ಗೆದ್ದ ಮೇಲೆ ನೋಡೋಣ ಎಂದು ಬಿಡಬೇಡಿ. ಆಟದ ಹಣ ಒಂದು ಲಕೋಟೆಯಲ್ಲಿರಲಿ, ಭಕ್ಷೀಸಿನದು ಇನ್ನೊಂದರಲ್ಲಿ. ಗೆದ್ದಾಗ ಮಾತ್ರ ಕೊಡುವುದು, ಸೋತಾಗ ಮುಖ ತಿರುಗಿಸುವುದು ಅನೇಕರ ರೂಢಿ. ನೀವು ಸೋತ ಹಣದಲ್ಲಿ ಡೀಲರ್‌ಗೆ ಒಂದು ಪೈಸೆಯೂ ಸೇರುವುದಿಲ್ಲ. ಯಾವ ಎಲೆ ಬೀಳಬೇಕೆಂಬುದು ಅವರ ಕೈಯಲ್ಲಿಲ್ಲ. ತಮ್ಮ ಎಲೆಗಳ ಮೊತ್ತ ಹದಿನಾರರವರೆಗಿದ್ದರೆ ಇನ್ನೊಂದು ಎಲೆ ಎಳೆಯಬೇಕು, ಹದಿನೇಳಾದರೆ ನಿಲ್ಲಬೇಕು ಎಂಬ ಬರೆದಿಟ್ಟ ನಿಯಮದಂತೆ ಅವರು ಆಡುತ್ತಾರೆ. "ಮಾವ, ಸೋತವರು ನನ್ನನ್ನೇ ದಿಟ್ಟಿಸುತ್ತಾರೆ, ನಾನೇ ಅವರ ಜೇಬಿಗೆ ಕೈ ಹಾಕಿದೆ ಎನ್ನುವ ಹಾಗೆ" ಎಂದು ಅವನು ಹೇಳಿದಾಗ ನನಗೆ ಸಂಕಟವಾಯಿತು.

ಕೈಗೆ ಕೊಡಬೇಡಿ

ಹೊಸಬರು ತಪ್ಪುವುದು ಇಲ್ಲೇ. ಚಿಪ್, ಅಂದರೆ ಹಣದ ಬದಲು ಆಡುವ ಬಿಲ್ಲೆ, ಕೊಳ್ಳುವಾಗಲೂ ನೋಟನ್ನು ಡೀಲರ್ ಕೈಗೆ ನೀಡಬಾರದು. ಮೇಜಿನ ಬಟ್ಟೆಯ ಮೇಲೆ ಬಿಡಿಸಿ ಇಡಬೇಕು. ಭಕ್ಷೀಸಿಗೂ ಅದೇ ನಿಯಮ. ದೇವರಾಯನದುರ್ಗದಲ್ಲಿ ಮಂಗಳಾರತಿ ಬಂದಾಗ ಕಾಸನ್ನು ಅರ್ಚಕರ ಅಂಗೈಗೆ ತುರುಕುತ್ತೇವೆಯೇ? ತಟ್ಟೆಗೆ ಹಾಕುತ್ತೇವೆ. ಹಾಗೆಯೇ ಒಂದು ಚಿಪ್ಪನ್ನು ನಿಮ್ಮ ಪಣದ ವೃತ್ತದಿಂದ ದೂರ, ಡೀಲರ್ ಕಡೆಗೆ ಮೆಲ್ಲಗೆ ಸರಿಸಿ "ಇದು ನಿಮಗೆ" ಎನ್ನಿ. ಮಾತು ಮುಖ್ಯ. ಹೇಳದೆ ಸರಿಸಿದರೆ ಅದು ಪಣವೋ, ಚಿಲ್ಲರೆ ಕೇಳುತ್ತಿದ್ದೀರೋ, ಭಕ್ಷೀಸೋ ತಿಳಿಯದೆ ಆಟ ನಿಲ್ಲುತ್ತದೆ. ಡೀಲರ್ ಆ ಚಿಪ್ಪನ್ನು ಎತ್ತಿ, ಮೇಲ್ವಿಚಾರಕರಿಗೂ ಕ್ಯಾಮೆರಾಕ್ಕೂ ಗೊತ್ತಾಗುವಂತೆ ಮೇಜಿಗೆ ತಟ್ಟಿ, ಬೀಗ ಹಾಕಿದ ಡಬ್ಬಿಗೆ ಹಾಕುತ್ತಾರೆ. ಅಮೆರಿಕದ ಡೀಲರುಗಳು ಈ ಹಣವನ್ನು ಟೋಕ್ ಎನ್ನುತ್ತಾರೆ. ಅಲ್ಲಿನ ಹೆಚ್ಚಿನ ಕ್ಯಾಸಿನೊಗಳಲ್ಲಿ ಡಬ್ಬಿಗಳ ಹಣವೆಲ್ಲ ಒಟ್ಟುಗೂಡಿ ಎಲ್ಲ ಡೀಲರುಗಳಿಗೂ ಹಂಚಿಕೆಯಾಗುತ್ತದೆ. ಆದ್ದರಿಂದ ನಿಮಗೆ ಚೆನ್ನಾಗಿ ಆಡಿಸಿದವರು ವಿರಾಮಕ್ಕೆ ಹೋಗಿಬಿಟ್ಟರು, ಕೊಡಲಾಗಲಿಲ್ಲ ಎಂದು ಪೇಚಾಡಬೇಡಿ. ಅವರ ಜಾಗಕ್ಕೆ ಬಂದವರ ಮುಂದೆ ಇಟ್ಟರೂ ಅದರಲ್ಲಿ ಅವರ ಪಾಲಿದೆ.

ಎಸೆಯಬೇಡಿ. ಇದನ್ನು ಬರೆಯಬೇಕಾಗಿ ಬಂದದ್ದಕ್ಕೇ ಬೇಸರವಿದೆ. ಚಿಪ್ಪನ್ನು ಮೇಜಿನ ಮೇಲೆ ಉರುಳಿಸಿ "ತಗೋ" ಎನ್ನುವವರು ಇದ್ದಾರಂತೆ. ಮದುವೆ ಮನೆಯಲ್ಲಿ ಓಲಗದವರಿಗೆ ಎಲೆ ಅಡಿಕೆಯೊಂದಿಗೆ ಎರಡು ಕೈಯಲ್ಲಿ ಕೊಟ್ಟು ಬೆಳೆದ ನಾವು ಅಲ್ಲಿ ಹೋಗಿ ಹಾಗೆ ಮಾಡಬಾರದು.

ನೇರವಾಗಿ ಕೊಡುವುದೋ, ಡೀಲರ್ ಪರವಾಗಿ ಪಣ ಕಟ್ಟುವುದೋ

ಬ್ಲ್ಯಾಕ್‌ಜಾಕ್‌ನಲ್ಲಿ ಎರಡು ದಾರಿಗಳಿವೆ. ಒಂದು, ಮೇಲೆ ಹೇಳಿದಂತೆ ಚಿಪ್ಪನ್ನು ನೇರವಾಗಿ ಕೊಡುವುದು. ಇನ್ನೊಂದು, ಎಲೆ ಹಂಚುವ ಮೊದಲು ನಿಮ್ಮ ಪಣದ ಮುಂದೆ, ವೃತ್ತದ ಗೆರೆಯಾಚೆ ಸಣ್ಣ ಚಿಪ್ಪೊಂದನ್ನು ಇಟ್ಟು "ಇದು ನಿಮ್ಮ ಪರವಾಗಿ" ಎನ್ನುವುದು. ನೀವು ಗೆದ್ದರೆ ಆ ಚಿಪ್ಪೂ ಗೆದ್ದು ಎರಡಾಗುತ್ತದೆ, ಎರಡೂ ಡಬ್ಬಿಗೆ. ಸೋತರೆ ಅದು ಕ್ಯಾಸಿನೊದ ಪೆಟ್ಟಿಗೆಗೆ; ಡೀಲರ್‌ಗೆ ಏನೂ ಇಲ್ಲ. ಇದರಲ್ಲೇ ಇನ್ನೊಂದು ಬಗೆಯಿದೆ: ಡೀಲರ್ ಪರವಾದ ಚಿಪ್ಪನ್ನು ನಿಮ್ಮ ಪಣದ ತಲೆಯ ಮೇಲೇ ಇಡುವುದು. ಆಗ ಗೆದ್ದ ಭಾಗವನ್ನಷ್ಟೇ ಡೀಲರ್‌ಗೆ ಸರಿಸಿ, ಮೂಲ ಚಿಪ್ಪನ್ನು ಮುಂದಿನ ಆಟಕ್ಕೆ ಹಾಗೇ ಬಿಡಬಹುದು. ಎಲ್ಲ ಕಡೆ ಇದು ನಡೆಯುವುದಿಲ್ಲ, ಮೊದಲು ಕೇಳಿ.

ಪರವಾಗಿ ಪಣ ಕಟ್ಟಿದಾಗ ಮೇಜಿನಲ್ಲಿ ಕಳೆ ಬರುತ್ತದೆ ನಿಜ. ಎಕ್ಕದ ಜೊತೆ ರಾಜನೋ ರಾಣಿಯೋ ಬಿದ್ದಾಗ ಎರಡೂ ಕಡೆಯವರ ಮುಖ ಅರಳುತ್ತದೆ. ಆದರೂ ನನ್ನ ಮತ ನೇರವಾಗಿ ಕೊಡುವುದಕ್ಕೇ. ದುಡಿದವರಿಗೆ ಸಲ್ಲಬೇಕಾದದ್ದನ್ನು ಇನ್ನೊಮ್ಮೆ ಜೂಜಿಗೆ ಏಕೆ ಒಡ್ಡಬೇಕು?

ಎಷ್ಟು ಕೊಡಬೇಕು?

ಅಮೆರಿಕದ ಹೋಟೆಲಿನಲ್ಲಿ ಬಿಲ್ಲಿನ ಶೇ 15ರಿಂದ 20ರಷ್ಟು ಕೊಡುವ ಪದ್ಧತಿಯಿದೆ. ಕ್ಯಾಸಿನೊ ಮೇಜಿಗೆ ಅಂಥ ಶೇಕಡಾ ಲೆಕ್ಕವಿಲ್ಲ, ಕಡ್ಡಾಯವೂ ಇಲ್ಲ. ಆದರೆ ನಿಮ್ಮ ಶಕ್ತಿ ಎಷ್ಟೆಂದು ತಿಳಿಯಲು ಒಂದು ಲೆಕ್ಕ ಮಾಡಿ ನೋಡಿ. ಒಂದು ಆಟಕ್ಕೆ 500 ರೂಪಾಯಿ ಕಟ್ಟುತ್ತೀರಿ, ಗಂಟೆಗೆ 60 ಆಟ ನಡೆಯುತ್ತದೆ ಎನ್ನೋಣ. ಒಟ್ಟು ಕಟ್ಟಿದ್ದು 30,000 ರೂಪಾಯಿ. ಮೇಜಿನ ನಿಯಮಗಳು ಚೆನ್ನಾಗಿದ್ದು, ಯಾವ ಎಲೆಗೆ ಏನು ಮಾಡಬೇಕೆಂಬುದನ್ನು ತಪ್ಪಿಲ್ಲದೆ ಕಲಿತವರಾದರೆ ಕ್ಯಾಸಿನೊದ ಮೇಲುಗೈ ಸುಮಾರು ಶೇ 0.5, ಅಂದರೆ ನಿಮಗೆ ಗಂಟೆಗೆ ಸರಾಸರಿ 150 ರೂಪಾಯಿ ನಷ್ಟ. ಅಂದಾಜಿನಲ್ಲಿ ಆಡುವವರಿಗೆ ಅದು ಶೇ 2 ಆಗಿ, 600 ದಾಟಬಹುದು. ಇದರ ಪಕ್ಕದಲ್ಲಿಟ್ಟು ನೋಡಿದರೆ ಗಂಟೆಗೆ 100 ರೂಪಾಯಿಯ ಒಂದು ಚಿಪ್ ಸಣ್ಣದೇನಲ್ಲ. 500ರ ಮೇಜಿಗೆ ಅಷ್ಟು ಸಾಕು ಎಂಬುದು ನನ್ನ ಅಭಿಪ್ರಾಯ. ವೇಗಸ್‌ನಲ್ಲಿ ಸಣ್ಣ ಮೇಜಿನಲ್ಲಿ ಕುಳಿತವರು ಗಂಟೆಗೆ 5 ಡಾಲರ್‌ನ ಒಂದು ಚಿಪ್ ಕೊಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿನ ಡೀಲರುಗಳ ಮೂಲ ವೇತನ ತೀರ ಕಡಿಮೆ. ಮನೆ ನಡೆಯುವುದು ಹೆಚ್ಚಾಗಿ ಈ ಡಬ್ಬಿಯಿಂದಲೇ.

ಭಕ್ಷೀಸಿನಲ್ಲಿ ಹತ್ತು ಇಪ್ಪತ್ತು ಹಿಡಿಯುವ ಜನ ಗಮನಿಸದೆ ಬಿಡುವ ಒಂದು ಸಾಲು ಮೇಜಿನ ಬಟ್ಟೆಯ ಮೇಲೇ ಅಚ್ಚಾಗಿರುತ್ತದೆ. ಬ್ಲ್ಯಾಕ್‌ಜಾಕ್ (ಮೊದಲ ಎರಡೇ ಎಲೆಗಳಲ್ಲಿ ಎಕ್ಕವೂ ಹತ್ತರ ಬೆಲೆಯ ಎಲೆಯೂ) ಬಿದ್ದರೆ 3ಕ್ಕೆ 2ರಂತೆ ಕೊಡುತ್ತಾರೋ, 6ಕ್ಕೆ 5ರಂತೆಯೋ ಎಂಬುದು ಅಲ್ಲಿದೆ. ಮೊದಲನೆಯದರಲ್ಲಿ 500ಕ್ಕೆ 750 ಸಿಗುತ್ತದೆ, ಎರಡನೆಯದರಲ್ಲಿ 600 ಮಾತ್ರ. ಸುಮಾರು 21 ಆಟಕ್ಕೊಮ್ಮೆ ಬ್ಲ್ಯಾಕ್‌ಜಾಕ್ ಬೀಳುವುದರಿಂದ ಗಂಟೆಗೆ ಸುಮಾರು 400 ರೂಪಾಯಿ ಆ ಒಂದು ಸಾಲಿನಿಂದಲೇ ಹೋಗುತ್ತದೆ. ಹಣ ಉಳಿಸಬೇಕೆಂದಿದ್ದರೆ 3ಕ್ಕೆ 2ರ ಮೇಜು ಹುಡುಕಿ. ಡೀಲರ್‌ನ 100 ರೂಪಾಯಿಯಲ್ಲಿ ಉಳಿಸಬೇಡಿ.

ಕೊಟ್ಟದ್ದಕ್ಕೆ ಏನನ್ನೂ ನಿರೀಕ್ಷಿಸಬೇಡಿ. ಮುಚ್ಚಿಟ್ಟ ಎಲೆಯ ಸುಳಿವು ಕೇಳುವುದು, ತಪ್ಪಾಗಿ ಹೆಚ್ಚು ಪಾವತಿಯಾದರೆ ಸುಮ್ಮನಿರುವಂತೆ ಸನ್ನೆ ಮಾಡುವುದು ಅವರ ಕೆಲಸಕ್ಕೇ ಕುತ್ತು. ನಿಯಮ ತಿಳಿಯದಿದ್ದರೆ ಧಾರಾಳವಾಗಿ ಕೇಳಿ, ಅದನ್ನು ಹೇಳಿಕೊಡುತ್ತಾರೆ. ಹಾಗೆ ತಾಳ್ಮೆಯಿಂದ ಹೇಳಿಕೊಟ್ಟವರಿಗೆ ಒಂದು ಚಿಪ್ ಹೆಚ್ಚು ಕೊಡಿ. ಒರಟಾಗಿ ನಡೆದುಕೊಂಡವರಿಗೆ ಕೊಡಬೇಕಾಗಿಲ್ಲ.

ಕೊಡಬಾರದ ಊರುಗಳು

ಸಿಂಗಪುರದಲ್ಲಿ ಡೀಲರುಗಳು ಭಕ್ಷೀಸು ಸ್ವೀಕರಿಸುವುದನ್ನು ಕಾನೂನೇ ನಿಷೇಧಿಸಿದೆ. ಅಲ್ಲಿನ ಮರೀನಾ ಬೇ ಸ್ಯಾಂಡ್ಸ್ ಕ್ಯಾಸಿನೊದಲ್ಲಾಗಲಿ ಸೆಂಟೋಸಾದ ಕ್ಯಾಸಿನೊದಲ್ಲಾಗಲಿ ಒತ್ತಾಯ ಮಾಡಿದರೆ ಅವರನ್ನು ಇಕ್ಕಟ್ಟಿಗೆ ಸಿಲುಕಿಸಿದಂತೆ. ಬ್ರಿಟನ್ನಿನಲ್ಲೂ ಹಿಂದೆ ನಿಷೇಧವಿತ್ತು, 2005ರ ಕಾಯ್ದೆಯ ನಂತರ ಅದು ಹೋಯಿತು. ಹೊಸ ಊರಾದರೆ ಕೂರುವ ಮೊದಲು "ಇಲ್ಲಿ ಭಕ್ಷೀಸು ಕೊಡಬಹುದೇ?" ಎಂದು ಕೇಳಿಬಿಡಿ.

ಏಳುವಾಗ

ಉಳಿದ ಸಣ್ಣ ಚಿಪ್ಪುಗಳನ್ನು ಡೀಲರ್ ಮುಂದೆ ಸರಿಸಿ ದೊಡ್ಡ ಬೆಲೆಯವಕ್ಕೆ ಬದಲಾಯಿಸಿಕೊಳ್ಳಿ. ಆಟದ ನಡುವೆ ಕೊಡಲು ಮರೆತಿದ್ದರೆ ಇದೇ ಸರಿಯಾದ ಹೊತ್ತು. ಒಂದು ಚಿಪ್ ಬಿಟ್ಟು, ಡೀಲರ್ ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿ, ಹೆಸರು ಹಿಡಿದು ಧನ್ಯವಾದ ಹೇಳಿ. ಕೈಯಲ್ಲಿ ಏನೂ ಉಳಿದಿಲ್ಲದಿದ್ದರೂ ಆ ಮಾತನ್ನು ಹೇಳಿಯೇ ಏಳಿ. "ಒಂದು ಪಾಳಿಯಲ್ಲಿ ಹೆಸರು ಹಿಡಿದು ಕರೆದವರು ಒಬ್ಬಿಬ್ಬರು ಸಿಗುತ್ತಾರೆ ಮಾವ, ಅವರ ಮುಖ ನೆನಪಿರುತ್ತದೆ" ಎಂದು ಅಳಿಯ ಹೇಳಿದ್ದ.

ಊಟ, ಪಾನೀಯ ತಂದುಕೊಡುವವರಿಗೆ ವೇಗಸ್‌ನಲ್ಲಿ ಪ್ರತಿ ಸಲ ಒಂದೆರಡು ಡಾಲರ್ ಕೊಡುವುದು ರೂಢಿ. ಗೋವಾದ ಹಡಗುಗಳಲ್ಲಿ ಊಟ ಸಾಮಾನ್ಯವಾಗಿ ಪ್ರವೇಶ ಶುಲ್ಕದಲ್ಲೇ ಸೇರಿರುತ್ತದೆ. ಆದರೆ ಬಡಿಸಿದವರ ಶ್ರಮ ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲಿನ ಹುಡುಗರ ಶ್ರಮದಷ್ಟೇ, ಹೊರಡುವಾಗ ಐವತ್ತೋ ನೂರೋ ಇಡಿ. ಲಕೋಟೆಯಲ್ಲಿ ಇನ್ನೂ ಒಂದು ನೋಟು ಉಳಿದಿದ್ದರೆ ಅದನ್ನು ಆಟಕ್ಕೆ ಹಾಕದೆ ಜೇಬಿನಲ್ಲಿಟ್ಟುಕೊಳ್ಳಿ. ಹಡಗಿನಿಂದ ದಡಕ್ಕೆ ಮರಳುವ ಸಣ್ಣ ದೋಣಿಯಲ್ಲಿ, ನಡುರಾತ್ರಿ ತೋಳು ಹಿಡಿದು ಜೆಟ್ಟಿಗೆ ಹತ್ತಿಸುವ ಹುಡುಗನೊಬ್ಬ ನಿಂತಿರುತ್ತಾನೆ. ಅವನಿಗೆ ಮಾತ್ರ ನೇರವಾಗಿ ಕೈಗೇ ಕೊಡಿ.