ಕರಾವಳಿಯಲ್ಲಿ ಟೆಂಟ್‌ಗೆ ಜಾಗ ಆರಿಸುವುದು: ಮೈಸೂರು ಕಡೆಯಿಂದ ಇಳಿಯುವವರಿಗೆ ನನ್ನ ಅನುಭವ

ಮೈಸೂರು, ಮಂಡ್ಯ ಕಡೆ ಟೆಂಟ್ ಇಟ್ಟುಕೊಂಡವರು ಬಹುಪಾಲು ಅದನ್ನು ಕೊಂಡದ್ದು ಕೊಡಗಿಗೋ ಚಿಕ್ಕಮಗಳೂರಿಗೋ. ಚಳಿ ತಡೆಯಬೇಕು, ಮಳೆ ಒಳಗೆ ಬರಬಾರದು, ಅಷ್ಟೇ ಲೆಕ್ಕ. ಅದೇ ಲೆಕ್ಕ ಹಿಡಿದು ಘಟ್ಟ ಇಳಿದರೆ ರಾತ್ರಿ ಹನ್ನೊಂದಕ್ಕೆ ಎದ್ದು ಕಾರಿನಲ್ಲಿ ಎಸಿ ಹಾಕಿಕೊಂಡು ಕೂರಬೇಕಾಗುತ್ತದೆ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಮೇಲಿದೆ. ಇಲ್ಲಿ ಮಾರ್ಚ್‌ನಲ್ಲಿ 34 ಡಿಗ್ರಿ ಇದ್ದರೂ ಬೆವರು ಆರುತ್ತದೆ, ಸಂಜೆಗೆ ಮೈ ತಣ್ಣಗಾಗುತ್ತದೆ. ಕರಾವಳಿಯಲ್ಲಿ 32 ಡಿಗ್ರಿಯೇ ಇರಲಿ, ಗಾಳಿಯ ತೇವಾಂಶ ಶೇ. 65–70 ಇದ್ದರೆ ಮೈಗೆ ಅದು 40ರಂತೆ ತಟ್ಟುತ್ತದೆ. ಅಲ್ಲಿ ಬೆವರು ಆರುವುದಿಲ್ಲ, ಹರಿಯುತ್ತದೆ. ಆರಿಸಬಲ್ಲದ್ದು ಗಾಳಿಯೊಂದೇ.

ಹಾಗಾಗಿ ಜಾಗ ನೋಡುವಾಗ ಕಡಲು ಕಾಣುತ್ತದೆಯೇ ಅನ್ನುವುದು ನನಗೆ ಕೊನೆಯ ಪ್ರಶ್ನೆ. ಮೊದಲ ಪ್ರಶ್ನೆ, ರಾತ್ರಿ ಎಂಟರಿಂದ ಬೆಳಿಗ್ಗೆ ಆರರ ತನಕ ನೆಲದಿಂದ ಎರಡಡಿ ಎತ್ತರದಲ್ಲಿ, ಅಂದರೆ ನಾವು ಮಲಗುವ ಮಟ್ಟದಲ್ಲಿ, ಗಾಳಿ ಆಡುತ್ತದೆಯೇ?

ಕಡಲ ಗಾಳಿ ಬೆಳಿಗ್ಗೆ ಹತ್ತು ಹನ್ನೊಂದಕ್ಕೆ ಪಶ್ಚಿಮದಿಂದ ಶುರುವಾಗಿ ಮಧ್ಯಾಹ್ನ ಜೋರಾಗುತ್ತದೆ. ಎಲ್ಲರೂ ಜಾಗ ನೋಡಿ ಮೆಚ್ಚುವುದು ಆ ಹೊತ್ತಿನಲ್ಲೇ, ಮೋಸ ಹೋಗುವುದೂ ಅಲ್ಲೇ. ಸೂರ್ಯ ಮುಳುಗಿದ ಮೇಲೆ ನೆಲ ಬೇಗ ಆರುತ್ತದೆ, ನೀರು ನಿಧಾನ. ಎರಡರ ಕಾವೂ ಸಮವಾದ ಎರಡು ಮೂರು ಗಂಟೆ ಹೊತ್ತು ಎಲೆ ಅಲುಗುವುದಿಲ್ಲ. ಸೊಳ್ಳೆ ಮುಗಿಬೀಳುವುದು ಆಗಲೇ. ಆಮೇಲೆ ಪೂರ್ವದಿಂದ, ಘಟ್ಟದ ಕಡೆಯಿಂದ, ನೆಲದ ಗಾಳಿ ಮೆಲ್ಲಗೆ ಬೀಸತೊಡಗಿ ಬೆಳಗಿನ ತನಕ ಇರುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇದು ಚೆನ್ನಾಗಿ ಬರುತ್ತದೆ; ಏಪ್ರಿಲ್, ಮೇನಲ್ಲಿ ಬಂದರೆ ಬಂತು.

ಅಂದರೆ ರಾತ್ರಿ ನಿದ್ದೆ ಕೊಡುವುದು ಕಡಲ ಕಡೆಯ ಗಾಳಿಯಲ್ಲ, ಬೆನ್ನ ಹಿಂದಿನ ಗಾಳಿ. ಟೆಂಟ್ ಬಾಡಿಗೆಗೆ ಕೊಡುವ ಜಾಗಗಳಲ್ಲಿ ಟೆಂಟಿನ ಸಾಲು ಕಡಲ ಕಡೆಗೂ, ಅಡುಗೆಮನೆ, ಶೌಚಾಲಯ, ಕಾಂಪೌಂಡ್ ಗೋಡೆ ಅದರ ಹಿಂದೆ ಪೂರ್ವಕ್ಕೂ ಇರುತ್ತವೆ. ಆರಡಿ ಗೋಡೆಯೊಂದು ಹತ್ತಡಿ ದೂರದಲ್ಲಿದ್ದರೆ ನೆಲದ ಗಾಳಿ ಟೆಂಟಿನ ಮೇಲಿಂದ ಹಾರಿ ಹೋಗುತ್ತದೆ, ಒಳಗೆ ಇಳಿಯುವುದೇ ಇಲ್ಲ. ಆದ್ದರಿಂದ ಫೋನ್ ಮಾಡಿದಾಗ ನಾನು ಕೇಳುವ ಮೊದಲ ಮಾತು: “ಟೆಂಟಿನ ಪೂರ್ವಕ್ಕೆ ಏನಿದೆ?” ತೆಂಗಿನ ತೋಟ ಇದ್ದರೆ ಪರವಾಗಿಲ್ಲ, ಕಾಂಡಗಳ ನಡುವೆ ಗಾಳಿ ನುಸುಳುತ್ತದೆ. ದಟ್ಟ ಪೊದೆ, ಗೋಡೆ, ಎತ್ತರದ ಮರಳ ದಿಬ್ಬ ಇದ್ದರೆ ಬೇಡ.

ಸ್ಥಳಕ್ಕೆ ಹೋದ ಮೇಲೆ ಪರೀಕ್ಷೆಗೆ ಮೈಸೂರಿನ ಊದುಬತ್ತಿಯೇ ಸಾಕು. ಕತ್ತಲಾಗಿ ನೆಲದ ಗಾಳಿ ಶುರುವಾದ ಮೇಲೆ ಒಂದನ್ನು ಹಚ್ಚಿ ಮೊಣಕಾಲಿನ ಮಟ್ಟಕ್ಕೆ ಹಿಡಿದು, ಟೆಂಟ್ ಹಾಕಬಹುದಾದ ನಾಲ್ಕೈದು ಕಡೆ ಒಂದೊಂದು ನಿಮಿಷ ನಿಂತು ನೋಡುವುದು. ಹೊಗೆ ನೆಟ್ಟಗೆ ಮೇಲಕ್ಕೆ ಹೋದರೆ ಅದು ಸತ್ತ ಜಾಗ. ಒಂದೇ ದಿಕ್ಕಿಗೆ ವಾಲಿದರೆ ಒಳ್ಳೆಯದು. ಸುತ್ತಿ ಸುತ್ತಿ ಆಡಿದರೆ ಪಕ್ಕದಲ್ಲಿ ಯಾವುದೋ ಅಡ್ಡ ಇದೆ ಅಂತ ಅರ್ಥ. ಇಪ್ಪತ್ತಡಿ ಸರಿದರೆ ಸರಿಹೋಗುವುದುಂಟು. ಟೆಂಟಿನ ಎರಡು ಬಾಗಿಲನ್ನು ಪೂರ್ವ-ಪಶ್ಚಿಮಕ್ಕೆ ಇಟ್ಟರೆ ಸಂಜೆಯ ಗಾಳಿಯೂ ರಾತ್ರಿಯ ಗಾಳಿಯೂ ಒಂದೇ ದಾರಿಯಲ್ಲಿ ಹಾಯುತ್ತವೆ. ಒಂದೇ ಬಾಗಿಲಿನ ಟೆಂಟ್ ಕರಾವಳಿಗೆ ತರಲೇಬೇಡಿ.

ನದಿ ಸಮುದ್ರ ಸೇರುವ ಅಳಿವೆಯ ದಡಗಳಲ್ಲಿ ಈ ಪೂರ್ವದ ಗಾಳಿ ಇನ್ನೂ ಚೆನ್ನ. ಕಣಿವೆಯ ತಂಪು ನೀರಿನ ಮೇಲೆ ಇಳಿದು ಬರುತ್ತದೆ. ಆದರೆ ಅಲ್ಲೇ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿರುತ್ತವೆ, ಕಾಂಡ್ಲಾ ಇದ್ದಲ್ಲಿ ಕಚ್ಚುವ ನೊರಜು. ಮನೆಯ ಸೊಳ್ಳೆಪರದೆಯ ಕಣ್ಣು ಸುಮಾರು 1.2 ಮಿ.ಮೀ. ಇರುತ್ತದೆ, ನೊರಜು ಅದರಲ್ಲಿ ನುಗ್ಗುತ್ತದೆ. ಅದಕ್ಕೆ 0.6 ಮಿ.ಮೀ. ಬಲೆ ಬೇಕು, ಆದರೆ ಅಷ್ಟು ಸಣ್ಣ ಕಣ್ಣು ಗಾಳಿಯನ್ನೂ ತಡೆಯುತ್ತದೆ. ಹಾಗಾಗಿ ಬಲೆಯ ಮೇಲೆ ಭಾರ ಹಾಕದೆ, ಕಾಂಡ್ಲಾದಿಂದ 200–300 ಮೀಟರ್ ದೂರ ಇರುವುದೇ ನನ್ನ ಪದ್ಧತಿ. ಫೋನಿನಲ್ಲಿ “ಸೊಳ್ಳೆ ಇದೆಯಾ” ಅಂತ ಕೇಳಿದರೆ ಯಾರೂ ಇದೆ ಅನ್ನುವುದಿಲ್ಲ. “ಸಂಜೆ ಏಳಕ್ಕೆ ನೀವು ಹೊರಗೆ ಕೂತು ಊಟ ಮಾಡ್ತೀರಾ?” ಅಂತ ಕೇಳಿ, ನಿಜ ಹೊರಬರುತ್ತದೆ. ದಕ್ಷಿಣ ಕನ್ನಡದಲ್ಲಿ ಸೊಳ್ಳೆಗೆ ನುಸಿ ಅನ್ನುತ್ತಾರೆ. “ನುಸಿ ಉಂಟು” ಅಂದರೆ ಧಾನ್ಯದ ಹುಳ ಅಂದುಕೊಂಡು ಸುಮ್ಮನಾಗಬೇಡಿ. ಮಂಗಳೂರು ಸುತ್ತಮುತ್ತ ಮಲೇರಿಯಾ ಹಳೆಯ ಕಥೆಯೇನಲ್ಲ. ಹೋಗಿಬಂದ ಮೇಲೆ ಜ್ವರ ಬಂದರೆ, ಕೆಲವು ತಿಂಗಳು ಕಳೆದಿದ್ದರೂ, ಕರಾವಳಿಗೆ ಹೋಗಿದ್ದೆವು ಅಂತ ವೈದ್ಯರಿಗೆ ಮೊದಲೇ ಹೇಳಬೇಕು.

ಇನ್ನು ನೆಲ. ಮೂರು ಬಗೆ ಸಿಗುತ್ತದೆ: ಮರಳು, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಗುಡ್ಡ, ಕೊಯ್ಲಾದ ಗದ್ದೆ.

ಗದ್ದೆ ಬೇಡವೇ ಬೇಡ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಅರ್ಧ ಅಡಿ ಕೆಳಗೆ ಹಸಿ ಇರುತ್ತದೆ, ಟೆಂಟಿನ ತಳಕ್ಕೆ ರಾತ್ರಿಯೆಲ್ಲ ತೇವ ಏರುತ್ತದೆ. ಅಕ್ಟೋಬರ್‌ನ ಒಂದು ಗುಡುಗು ಮಳೆಗೆ ಬದುಗಳ ನಡುವೆ ನೀರು ನಿಲ್ಲುತ್ತದೆ.

ಮುರಕಲ್ಲಿನ ಗುಡ್ಡದ ಮೇಲೆ ಗಾಳಿಗೆ ಬರವಿಲ್ಲ. ಏಪ್ರಿಲ್‌ನಲ್ಲಿ ಹೋಗಲೇಬೇಕಾದರೆ ಇದೇ ವಾಸಿ. ಆದರೆ ಗೂಟ ಇಳಿಯುವುದಿಲ್ಲ. ಗೂಟವಿಲ್ಲದೆ ತಾನೇ ನಿಲ್ಲುವ ಗುಮ್ಮಟದಾಕಾರದ ಟೆಂಟ್ ಇರಬೇಕು, ಹಗ್ಗವನ್ನು ತಲೆಗಾತ್ರದ ಕಲ್ಲುಗಳಿಗೆ ಸುತ್ತಬೇಕು. ಕಲ್ಲು ಹಗಲೆಲ್ಲ ಕಾದು ರಾತ್ರಿ ಹತ್ತರ ತನಕ ಬಿಸಿ ಉಗುಳುತ್ತದೆ. ಆದ್ದರಿಂದ ಬಂಡೆಯ ಮೇಲೆ ನೇರ ಅಲ್ಲ, ಹುಲ್ಲು ಬೆಳೆದ ಮಣ್ಣಿನ ಪಟ್ಟಿ ಹುಡುಕುವುದು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಸಂಜೆಗಳಲ್ಲಿ ಗುಡುಗು ಕೇಳಿಸಿದ ಕೂಡಲೇ ಗುಡ್ಡ ಬಿಟ್ಟು ಕಾರಿನೊಳಗೆ ಸೇರಬೇಕು. ಬಯಲಲ್ಲಿರುವ ಟೆಂಟು ಸಿಡಿಲಿಗೆ ಆಸರೆಯೇ ಅಲ್ಲ.

ಮರಳಿನಲ್ಲಿ ಎಷ್ಟು ಹಿಂದೆ ಸರಿಯಬೇಕು ಅನ್ನುವುದೇ ಮುಖ್ಯ. ಕಸ, ಚಿಪ್ಪು, ಒಣಗಿದ ಪಾಚಿ ಸಾಲಾಗಿ ಬಿದ್ದಿರುವ ಗೆರೆ ಕಾಣುತ್ತದಲ್ಲ, ಅದು ಇತ್ತೀಚಿನ ಭರತದ (ಕಡಲ ಉಬ್ಬರದ) ಗುರುತು ಮಾತ್ರ. ಇಂಥ ಗೆರೆ ಹಲವಿರುತ್ತವೆ, ಎಲ್ಲಕ್ಕಿಂತ ಮೇಲಿನದನ್ನು ಹುಡುಕಬೇಕು. ಇನ್ನೂ ನಂಬಿಕೆಯ ಗುರುತು ಗಿಡಗಳದ್ದು: ಮೇಕೆ ಗೊರಸಿನಂಥ ಎಲೆ, ನೇರಳೆ ಹೂವು ಇರುವ ಬಳ್ಳಿ ಮರಳ ಮೇಲೆ ಹಬ್ಬಿರುತ್ತದೆ. ಅದು ಗಟ್ಟಿಯಾಗಿ ಬೇರೂರಿದ ಕಡೆ ಅಲೆ ಆಗಾಗ ಬರುವುದಿಲ್ಲ. ನಾನು ಆ ಬಳ್ಳಿಯ ಪಟ್ಟಿ ದಾಟಿ ಅದರ ಹಿಂದೆ ಹಾಕುತ್ತೇನೆ. ಬಳ್ಳಿಯ ಮೇಲೇ ಅಲ್ಲ. ಮರಳನ್ನು ಹಿಡಿದಿರುವುದೇ ಅದು.

ಹೋಗುವ ಮುಂಚೆ ಪಂಚಾಂಗ ನೋಡಿ. ಹುಣ್ಣಿಮೆ, ಅಮಾವಾಸ್ಯೆಗೆ ಭರತ ದೊಡ್ಡದು, ನಮ್ಮ ಕರಾವಳಿಯಲ್ಲಿ ಆ ದಿನಗಳಲ್ಲಿ ಅದು ಏರುವುದು ಹೆಚ್ಚುಕಡಿಮೆ ನಡುಹಗಲಿಗೂ ನಡುರಾತ್ರಿಗೂ. ಬೆಳದಿಂಗಳಲ್ಲಿ ಕಡಲ ಪಕ್ಕ ಮಲಗಬೇಕೆಂದು ಹುಣ್ಣಿಮೆ ಆರಿಸುವವರು ಇದನ್ನು ಮರೆಯುತ್ತಾರೆ: ಸಂಜೆ ಏಳಕ್ಕೆ ನೋಡಿದ ಅಗಲವಾದ ಮರಳು ಹನ್ನೆರಡಕ್ಕೆ ಇರುವುದಿಲ್ಲ. ಭರತ ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಗಾಳಿಯೇ ಇಲ್ಲದ ದಿನವೂ ದೂರದ ಬಿರುಗಾಳಿಯಿಂದ ದೊಡ್ಡ ಅಲೆ ಬರುವುದುಂಟು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ, ಹೊರಡುವ ಹಿಂದಿನ ದಿನ ನೋಡಿಕೊಳ್ಳುವುದು ಒಳ್ಳೆಯದು. ದಡದಲ್ಲಿ ದೊಡ್ಡ ಬಂಡೆಗಳ ತಡೆಗೋಡೆ ಪೇರಿಸಿದ್ದರೆ ಅಲ್ಲಿ ಕಡಲ್ಕೊರೆತ ಇದೆ ಅಂತಲೇ ಅರ್ಥ, ಉಳ್ಳಾಲ, ಸೋಮೇಶ್ವರದ ಕಡೆ ಕಾಣುವ ಹಾಗೆ. ಅಂಥ ಕಡೆ ಟೆಂಟ್ ಹಾಕುವುದಿಲ್ಲ.

ಮರಳಿನಲ್ಲಿ ಟೆಂಟಿನ ಜತೆ ಬರುವ ಏಳು ಇಂಚಿನ ಗೂಟ ಕಡ್ಡಿಗೆ ಸಮ. ಹತ್ತು ಕೆ.ಜಿ. ಅಕ್ಕಿಯ ಖಾಲಿ ಚೀಲ ನಾಲ್ಕೈದು ಒಯ್ಯುತ್ತೇನೆ. ಅರ್ಧ ಮರಳು ತುಂಬಿ, ಬಾಯಿಗೆ ಹಗ್ಗ ಬಿಗಿದು, ಒಂದೂವರೆ ಅಡಿ ಆಳದಲ್ಲಿ ಹೂತು ಮೇಲೆ ತುಳಿದರೆ ಮಧ್ಯಾಹ್ನದ ಗಾಳಿಗೂ ಅಲುಗುವುದಿಲ್ಲ. ಹಗ್ಗ ನೆಲದಿಂದ ಹೊರಬರುವ ಕಡೆ ಟೆಂಟಿನತ್ತ ಸಣ್ಣ ಕಾಲುವೆ ತೋಡಬೇಕು, ಇಲ್ಲದಿದ್ದರೆ ಎಳೆತಕ್ಕೆ ಚೀಲ ಮೇಲಕ್ಕೇ ಬರುತ್ತದೆ.

ನೆರಳಿಗೆ ತೆಂಗು ಚಂದ, ಆದರೆ ಅದರ ಕೆಳಗೆ ಮಲಗುವುದು ಬೇಡ. ಕಾಯಿ ಬೀಳುತ್ತದೆ, ಮಟ್ಟೆ ಸಮೇತ ಗರಿ ಬೀಳುತ್ತದೆ. ಬುಡದಿಂದ ಏಳೆಂಟು ಹೆಜ್ಜೆ ದೂರ ಹಾಕಿ, ಬೆಳಗಿನ ನೆರಳು ಟೆಂಟಿನ ಮೇಲೆ ಬೀಳುವಂತೆ ಮರ ಪೂರ್ವಕ್ಕೆ ಇರಲಿ. ಏಳು ಗಂಟೆಗೇ ಬಿಸಿಲು ಟೆಂಟಿಗೆ ಬಿದ್ದರೆ ಏಳೂವರೆಗೆ ಒಳಗೆ ಇರಲಾಗುವುದಿಲ್ಲ. ನಾವು ಸರ್ವೆ ಅನ್ನುವ ಮರಕ್ಕೆ ಅಲ್ಲಿ ಗಾಳಿಮರ ಅನ್ನುತ್ತಾರೆ, ನನ್ನ ಮೆಚ್ಚಿನ ನೆರಳು ಅದೇ. ಗಾಳಿಯನ್ನು ತಡೆಯದೆ ಸೋಸಿ ಬಿಡುತ್ತದೆ, ಉದುರಿದ ಕಡ್ಡಿ ಎಲೆ ಹಾಸಿಗೆಯ ಹಾಗಿರುತ್ತದೆ. ಆ ಹಾಸಿಗೆ ಬೆಂಕಿಗೂ ಅಷ್ಟೇ ಇಷ್ಟ, ಒಲೆ ಅಲ್ಲಿ ಹಚ್ಚಬಾರದು.

ನೀರಿನ ವಿಷಯದಲ್ಲಿ ಬಾವಿ ಇದೆ ಅಂದರೆ ಸಾಲದು. ಮಾರ್ಚ್ ಕಳೆದ ಮೇಲೆ ದಡದ ಬಾವಿಗಳಿಗೆ ಉಪ್ಪು ನುಗ್ಗುತ್ತದೆ. ಸಾಬೂನು ನೊರೆ ಬರದಿದ್ದರೆ ಅನುಮಾನಪಡಿ. ನೀರಿನಲ್ಲಿ ಕರಗಿದ ಉಪ್ಪು, ಖನಿಜ ಅಳೆಯುವ, ಕೆಲವು ನೂರು ರೂಪಾಯಿಯ ಟಿಡಿಎಸ್ ಮೀಟರ್ ಜೇಬಿನಲ್ಲಿದ್ದರೆ ಇನ್ನೂ ಖಚಿತ: 500ರ ಒಳಗಿದ್ದರೆ ಉಪ್ಪಿನ ಮಟ್ಟಿಗೆ ತೊಂದರೆಯಿಲ್ಲ, ಆದರೂ ಕುದಿಸಿಯೇ ಕುಡಿಯುತ್ತೇನೆ; 1000 ದಾಟಿದರೆ ಪಾತ್ರೆ ತೊಳೆಯಲು ಮಾತ್ರ. ಕುಡಿಯಲು ಒಬ್ಬರಿಗೆ ದಿನಕ್ಕೆ ನಾಲ್ಕೈದು ಲೀಟರ್, ಮೈಯ ಉಪ್ಪು ತೊಳೆಯಲು ಹತ್ತು ಲೀಟರ್ ಲೆಕ್ಕ ಇಟ್ಟುಕೊಳ್ಳುತ್ತೇನೆ. ಉಪ್ಪು ತೊಳೆಯದೆ ಮಲಗಿದರೆ ಮೈ ಅಂಟಂಟು, ಬೆಳಿಗ್ಗೆಗೆ ಬೆವರುಸಾಲೆ. ಶೌಚಾಲಯದ ಗುಂಡಿ ಬಾವಿಯಿಂದ ಎಷ್ಟು ದೂರ ಅಂತ ಕಣ್ಣಿನಿಂದಲೇ ನೋಡಿ. ಮರಳು ನೆಲದಲ್ಲಿ ಕೊಳೆ ಬೇಗ ಹರಿಯುತ್ತದೆ.

ಟೇಬಲ್ ಫ್ಯಾನ್‌ಗೆ ಕರೆಂಟ್ ಕೊಡುತ್ತೇವೆ ಅಂದರೆ ಪ್ಲಗ್ ನೋಡದೆ ಒಪ್ಪಬೇಡಿ. ಉಪ್ಪುಗಾಳಿಗೆ ತಾಮ್ರ ಹಸಿರು ಹತ್ತುತ್ತದೆ, ತುಕ್ಕು ಹಿಡಿದ ಪಾಯಿಂಟ್ ಬಿಸಿಯಾಗುತ್ತದೆ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕೂಡಲೇ ಕಡಿಯುವ ಸ್ವಿಚ್) ಇಲ್ಲದ ಕಡೆ ಒದ್ದೆ ಮರಳಿನ ಮೇಲೆ ವೈರ್ ಎಳೆಯಲು ನನಗೆ ಧೈರ್ಯವಿಲ್ಲ. ಬ್ಯಾಟರಿ ಫ್ಯಾನ್ ಸಾಕು.

ಸದ್ದು, ವಾಸನೆಗಳನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ಕಣ್ಣಿಗೆ ಹಬ್ಬ. ನಡುವೆ ರಾಷ್ಟ್ರೀಯ ಹೆದ್ದಾರಿ 66, ರಾತ್ರಿಯಿಡೀ ಲಾರಿ. ಮಲ್ಪೆ, ಗಂಗೊಳ್ಳಿ, ತದಡಿಯಂಥ ಮೀನುಗಾರಿಕೆ ಬಂದರಿನ ಹತ್ತಿರವಾದರೆ ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಿಕೊಂಡು ಸರಿಯಬೇಕು. ದೋಣಿ ಎಳೆದು ನಿಲ್ಲಿಸುವ ಕಡೆ, ಬಲೆ ಹರಡುವ ಕಡೆ ಟೆಂಟ್ ಹಾಕುವುದು ಅವರ ಕಣದಲ್ಲಿ ಹಾಸಿಗೆ ಹಾಸಿದ ಹಾಗೆ. ನಸುಕಿಗೆ ಎಬ್ಬಿಸುತ್ತಾರೆ, ತಪ್ಪು ನಮ್ಮದೇ.

ಸಾರ್ವಜನಿಕ ದಡದಲ್ಲಿ ಹಾಕುವ ಮುಂಚೆ ಪಂಚಾಯಿತಿಯನ್ನೋ ಠಾಣೆಯನ್ನೋ ಕೇಳಲೇಬೇಕು. 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಸಿಗುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಪಡೆದ ಪಡುಬಿದ್ರಿ, ಹೊನ್ನಾವರದ ಕಾಸರಕೋಡಿನ ದಡಗಳಲ್ಲಿ ಅನುಮತಿಯಿಲ್ಲದೆ ಟೆಂಟ್ ಹಾಕುವಂತಿಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ಚಳಿಗಾಲದಲ್ಲಿ ಹೊನ್ನಾವರ, ಕುಂದಾಪುರದ ಕಡೆ ಕಡಲಾಮೆ ಮೊಟ್ಟೆಯಿಡಲು ಬರುತ್ತವೆ, ದೀಪ ಕಂಡರೆ ದಾರಿ ತಪ್ಪುತ್ತವೆ. ಆ ದಡಗಳಲ್ಲಿ ರಾತ್ರಿ ದೀಪ, ಬೆಂಕಿ ಎರಡೂ ಬೇಡ.

ಕಾಲ ಯಾವುದು ಅಂದರೆ ಡಿಸೆಂಬರ್ ನಡುವಿನಿಂದ ಫೆಬ್ರವರಿ ನಡುವಿನ ತನಕ, ರಾತ್ರಿ 20–22 ಡಿಗ್ರಿಗೆ ಇಳಿಯುತ್ತದೆ. ದಸರಾ ರಜೆಯಲ್ಲಿ ಊರಿನ ಗದ್ದಲ ತಪ್ಪಿಸಿಕೊಂಡು ಹೋಗುವವರಿಗೆ ಗುಡುಗು ಮಳೆ ಕಾದಿರುತ್ತದೆ. ಬೇಸಿಗೆ ರಜೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದವರು ಜತೆಗಿದ್ದರೆ ಟೆಂಟ್ ಆಸೆ ಬಿಟ್ಟು ಫ್ಯಾನ್ ಇರುವ ಕೋಣೆ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್ ಮಾತೇ ಇಲ್ಲ. ಮೈಸೂರಿಗೆ ವರ್ಷವೆಲ್ಲ ಬೀಳುವ ಮಳೆಗಿಂತ ಹೆಚ್ಚು ಮಂಗಳೂರಿಗೆ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತದೆ.

ಹುಣಸೂರು, ಮಡಿಕೇರಿ, ಸಂಪಾಜೆ, ಸುಳ್ಯದ ದಾರಿಯಲ್ಲಿ ಮಂಗಳೂರು ಸುಮಾರು 250 ಕಿ.ಮೀ. ಉಡುಪಿ ಕಡೆಗೆ ಹೋಗುವ ಮಂಡ್ಯದವರಿಗೆ ನಾಗಮಂಗಲ, ಬೆಳ್ಳೂರು ಕ್ರಾಸ್, ಹಾಸನ, ಶಿರಾಡಿ ಘಾಟಿಯ ದಾರಿಯೂ ಇದೆ. ಬೆಳಿಗ್ಗೆ ಐದಕ್ಕೆ ಬಿಟ್ಟರೆ ಮಧ್ಯಾಹ್ನದ ಬಿಸಿಲಿನಲ್ಲೇ ತಲುಪಿ ಜಾಗ ಅಳೆಯಬಹುದು, ರಾತ್ರಿ ಊದುಬತ್ತಿ ನೋಡಿ ಗೂಟ ಹೊಡೆಯಬಹುದು. ಕತ್ತಲಲ್ಲಿ ತಲುಪಿದರೆ ಸಿಕ್ಕಿದ್ದೇ ಜಾಗ.

ಮೇಲಿನ ಫ್ಲೈ (ಮಳೆ ತಡೆಯುವ ಹೊರ ಹೊದಿಕೆ) ಮಡಚಿ ಒಂದು ಕಡೆ ಸುತ್ತಿಟ್ಟು ಬರೀ ಬಲೆಯಲ್ಲಿ ಮಲಗುವುದು ಸೆಕೆಗೆ ಮದ್ದು. ಆದರೆ ಜನವರಿಯಲ್ಲಿ ನಸುಕಿಗೆ ಇಬ್ಬನಿ ಸುರಿಯುತ್ತದೆ, ಹಾಸಿಗೆ ತೋಯುತ್ತದೆ. ಫ್ಲೈ ಪೂರ್ತಿ ಮುಚ್ಚಿದರೆ ಇಬ್ಬರ ಉಸಿರು, ಬೆವರಿನ ನೀರೇ ಒಳಗಿನಿಂದ ಹನಿಯುತ್ತದೆ. ನಾನು ಟೆಂಟಿನ ಫ್ಲೈ ಬಿಟ್ಟು 10×12 ಅಡಿಯ ಟಾರ್ಪಾಲ್ ಅನ್ನು ಟೆಂಟಿಗಿಂತ ಎರಡಡಿ ಎತ್ತರಕ್ಕೆ ಕಟ್ಟುತ್ತೇನೆ. ಇಬ್ಬನಿ ನಿಲ್ಲುತ್ತದೆ, ನಡುವೆ ಗಾಳಿ ಹಾಯುತ್ತದೆ. ತಳದ ಹಾಳೆ ಟೆಂಟಿಗಿಂತ ಎಲ್ಲ ಕಡೆ ಎರಡಿಂಚು ಚಿಕ್ಕದಿರಲಿ, ಹೊರಚಾಚಿದರೆ ಮಳೆ ನೀರನ್ನು ಅದೇ ಒಳಗೆ ಕರೆತರುತ್ತದೆ. ಬೆಂಕಿಪೊಟ್ಟಣ ಮೆತ್ತಗಾಗುತ್ತದೆ, ಲೈಟರ್ ಇರಲಿ. ಮಂಡ್ಯದ ಬೆಲ್ಲ ಒಯ್ದರೆ ಡಬ್ಬಿ ಬಿಗಿಯಾಗಿರಲಿ, ಒಂದೇ ದಿನಕ್ಕೆ ನಮಗಿಂತ ಹೆಚ್ಚು ಬೆವರುತ್ತದೆ.

ಊರಿಗೆ ಬಂದ ದಿನವೇ ಟೆಂಟನ್ನು ಸಿಹಿನೀರಿನಲ್ಲಿ ಅದ್ದಿ, ಜಿಪ್ಪಿನ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ತಾರಸಿಯ ಮೇಲೆ ನೆರಳಿನಲ್ಲಿ ಒಣಗಿಸಬೇಕು. ಜಿಪ್ಪಿಗೆ ಮೇಣದಬತ್ತಿ ಉಜ್ಜಿದರೆ ಸಲೀಸು. ಒದ್ದೆಯಾಗಿ ಸುತ್ತಿಟ್ಟರೆ ಎರಡೇ ದಿನಕ್ಕೆ ಬೂಷ್ಟು, ಹಾಗೇ ಇಟ್ಟರೆ ಒಳಗಿನ ಲೇಪ ಅಂಟು ಅಂಟಾಗಿ ಕಿತ್ತುಬರುತ್ತದೆ. ಆ ವಾಸನೆ ಮತ್ತೆ ಹೋಗುವುದಿಲ್ಲ.